ಸಹಾಯಕಿ ಅಂದರೆ ಬರೀ ಸಹಾಯ ಮಾಡುವವಳಲ್ಲ

(ಮಹಿಳಾ ವೇದಿಕೆಯ ಮಹಿಳಾ ದಿನದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಗಾರ್ತಿ ಅಲ್ಲ. ಆಫೀಸಿನಲ್ಲಿ ಸ್ಲೈಡ್ ಹಾಕಿಕೊಂಡು ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತೇನೆ. ಆದರೆ ಸ್ಲೈಡ್ ಇಲ್ಲದೆ, ಕನ್ನಡದಲ್ಲಿ, ನಿಮ್ಮೆಲ್ಲರ ಮುಂದೆ ನಿಂತರೆ ಕೈ ಎಲ್ಲಿಟ್ಟುಕೊಳ್ಳಬೇಕು ಅಂತಲೇ ತಿಳಿಯುವುದಿಲ್ಲ. ನಮ್ಮ ಕಾರ್ಯದರ್ಶಿ ಅಕ್ಕ ಫೋನ್ ಮಾಡಿ, "ವಿಷಯ ನಿನ್ನಿಷ್ಟ ಕಣೇ, ಆದರೆ ಇಪ್ಪತ್ತು ನಿಮಿಷ ದಾಟಬೇಡ, ಬಿಸಿಬೇಳೆ ಬಾತ್ ಆರಿಹೋಗುತ್ತೆ" ಅಂದರು. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಒಂದು ಸಣ್ಣ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಎಂ.ಟೆಕ್., ಪಿಎಚ್.ಡಿ. ಓದುತ್ತಾ ಟೀಚಿಂಗ್ ಅಸಿಸ್ಟೆಂಟ್ ಅಥವಾ ರಿಸರ್ಚ್ ಅಸಿಸ್ಟೆಂಟ್ ಆಗಿ ಕೆಲಸ ಮಾಡುವುದು. ಕನ್ನಡದಲ್ಲಿ ಬೋಧನಾ ಸಹಾಯಕಿ, ಸಂಶೋಧನಾ ಸಹಾಯಕಿ.

ಈ ವಿಷಯ ಹೊಳೆದದ್ದು ಒಂದು ಹುಡುಗಿಯಿಂದ. ನಾವಿರುವುದು ಜೋಕಾದಲ್ಲಿ ಅಂತ ನಿಮಗೆಲ್ಲ ಗೊತ್ತು. ಮೆಟ್ರೋ ಬರುವ ತನಕ, ಅಂದರೆ 2022ರ ಡಿಸೆಂಬರ್ ತನಕ, ನಮ್ಮ ಮನೆಗೆ ಊಟಕ್ಕೆ ಕರೆದರೆ ನೀವೆಲ್ಲ "ಅಯ್ಯೋ, ಜೋಕಾನಾ!" ಅನ್ನುತ್ತಿದ್ದಿರಿ. ಈಗ ಮಾಜೇರ್‌ಹಾಟ್ ತನಕ ರೈಲಿದೆ, ಇನ್ನು ನೆಪ ಹೇಳುವ ಹಾಗಿಲ್ಲ. ಡೈಮಂಡ್ ಹಾರ್ಬರ್ ರಸ್ತೆಯ ಆ ಕಡೆ ಐಐಎಂ ಇರುವುದರಿಂದಲೋ ಏನೋ, ನಮ್ಮ ಸುತ್ತಮುತ್ತ ಓದುವ ಹುಡುಗ ಹುಡುಗಿಯರು ಬಾಡಿಗೆಗೆ ಇರುವುದು ಜಾಸ್ತಿ. ನಮ್ಮ ಕೆಳಗಿನ ಮನೆಯ ಮಾಶಿಮಾ ಹತ್ತಿರ ಪೇಯಿಂಗ್ ಗೆಸ್ಟ್ ಆಗಿ ದಾವಣಗೆರೆ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಊರಿನ ಒಂದು ಸಂಸ್ಥೆಯಲ್ಲಿ ಸಂಶೋಧನಾ ಸಹಾಯಕಿ. ಲಿಫ್ಟಿನಲ್ಲಿ ನಾನು ಮಗನಿಗೆ "ಶೂ ಸರಿಯಾಗಿ ಹಾಕ್ಕೋ" ಅಂದದ್ದು ಕೇಳಿ, "ಅಕ್ಕಾ, ನೀವು ಕನ್ನಡದವರಾ?" ಅಂತ ಕಣ್ಣು ತುಂಬಿಕೊಂಡಳು. ಅವತ್ತಿನಿಂದ ಭಾನುವಾರ ನಮ್ಮನೆಯಲ್ಲಿ ದೋಸೆಗೆ ಒಂದು ತಟ್ಟೆ ಹೆಚ್ಚು.

ಒಂದು ಭಾನುವಾರ ಅವಳು ಕೇಳಿದಳು: "ಅಕ್ಕಾ, ನಾನು ಮಾಡ್ತಿರೋದು ಕೆಲಸಾನಾ, ಓದಾ? ಮನೇಲಿ ಅಪ್ಪ ಕೇಳ್ತಾರೆ, ನನಗೆ ಹೇಳೋಕೆ ಬರಲ್ಲ. ಕೆಲಸ ಅಂದ್ರೆ 'ಇಷ್ಟೇನಾ ಸಂಬಳ' ಅಂತಾರೆ. ಓದು ಅಂದ್ರೆ 'ಇನ್ನೂ ಎಷ್ಟು ವರ್ಷ' ಅಂತಾರೆ."

ಹತ್ತು ವರ್ಷದ ಹಿಂದೆ ನಮ್ಮಮ್ಮ ನನಗೆ ಇದೇ ಪ್ರಶ್ನೆ ಕೇಳಿದ್ದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಆ ಉತ್ತರವನ್ನು ನಿಮ್ಮ ಮುಂದೆ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಗೊತ್ತಿಲ್ಲದವರಿಗಾಗಿ ಎರಡು ಮಾತು. ಗೇಟ್ ಪರೀಕ್ಷೆ ಪಾಸಾಗಿ ಎಂ.ಟೆಕ್.ಗೆ ಸೇರಿದರೆ ಸರ್ಕಾರದಿಂದ ತಿಂಗಳಿಗೆ ಒಂದಿಷ್ಟು ಹಣ ಬರುತ್ತದೆ, ಎರಡು ವರ್ಷ. ಆದರೆ ಅದು ಸುಮ್ಮನೆ ಕೊಡುವ ಹಣವಲ್ಲ. ಅದಕ್ಕೆ ಬದಲಾಗಿ ವಾರಕ್ಕೆ ಸುಮಾರು 8 ಗಂಟೆ ಸಂಸ್ಥೆಯ ಕೆಲಸ ಮಾಡಬೇಕು. ಬಿ.ಇ. ಮಕ್ಕಳ ಲ್ಯಾಬ್ ನೋಡಿಕೊಳ್ಳುವುದು, ರೆಕಾರ್ಡ್ ತಿದ್ದುವುದು, ಅಸೈನ್‌ಮೆಂಟಿಗೆ ಅಂಕ ಹಾಕುವುದು, ಅರ್ಥವಾಗದವರಿಗೆ ಮತ್ತೊಮ್ಮೆ ಹೇಳಿಕೊಡುವುದು, ಪರೀಕ್ಷೆಯಲ್ಲಿ ಕಾವಲು ನಿಲ್ಲುವುದು. ಇದು ಟಿ.ಎ. ಕೆಲಸ. ಆರ್.ಎ. ಅಂದರೆ ಒಬ್ಬ ಪ್ರಾಧ್ಯಾಪಕರ ಸಂಶೋಧನಾ ಯೋಜನೆಯಲ್ಲಿ ಕೆಲಸ. ಪ್ರಯೋಗ ನಡೆಸುವುದು, ಮಾಹಿತಿ ಕಲೆಹಾಕುವುದು, ಪ್ರೋಗ್ರಾಂ ಬರೆಯುವುದು. ಆ ಯೋಜನೆಗೆ ಬಂದ ಹಣದಲ್ಲೇ ಅವರ ಸಂಬಳ.

ನಾನು 2013ರಲ್ಲಿ ಎಂ.ಟೆಕ್. ಸೇರಿದಾಗ ತಿಂಗಳಿಗೆ 8,000 ರೂಪಾಯಿ. ಓದುತ್ತಿರುವಾಗಲೇ ಅದು 12,400 ಆಯಿತು. ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತುಬಿಟ್ಟಿತು ಅನ್ನುವುದು ಬೇರೆ ಮಾತು. ನಮ್ಮದು ತಿಪಟೂರು ಹತ್ತಿರದ ಹಳ್ಳಿ. ನಮ್ಮ ಮನೆಯಲ್ಲಿ ದುಡ್ಡು ಅಂದರೆ ಕೊಬ್ಬರಿ ಮಾರಿದಾಗ ಬರುವುದು, ರೇಟು ಬಿದ್ದರೆ ಬಾರದಿರುವುದು. "ಕಾಲೇಜಿಗೆ ನಾವು ದುಡ್ಡು ಕಟ್ಟೋದು ಗೊತ್ತು, ಕಾಲೇಜೇ ದುಡ್ಡು ಕೊಡುತ್ತಾ? ಅದು ಸಂಬಳಾನಾ, ಸ್ಕಾಲರ್‌ಶಿಪ್ಪಾ?" ಅಂತ ಅಮ್ಮ ಕೇಳಿದ್ದು ಆಗಲೇ. ನಾನು "ಏನೋ ಒಂದು ಬಿಡಮ್ಮ" ಅಂದೆ. ಮೊದಲ ನಾಲ್ಕು ತಿಂಗಳು ಅದು ಬರಲೂ ಇಲ್ಲ. ಕೇಳಿದರೆ "ಫೈಲ್ ಹೋಗಿದೆ" ಅನ್ನುವುದೊಂದೇ ಉತ್ತರ. ಮೆಸ್ ಬಿಲ್ಲಿಗೆ ಅಣ್ಣನ ಹತ್ತಿರ ಸಾಲ ಮಾಡಿದೆ. ಐದನೇ ತಿಂಗಳು ಎಲ್ಲಾ ಒಟ್ಟಿಗೆ ಬಂದಾಗ ಅಣ್ಣನ ಸಾಲ ತೀರಿಸಿ ಅಮ್ಮನಿಗೆ ಒಂದು ಮಿಕ್ಸಿ ಕೊಂಡೆ. ಅಮ್ಮ ಅದನ್ನು ಬೀದಿಗೆಲ್ಲ ತೋರಿಸಿದರು. ಮಗಳ "ಸಂಬಳ"ದಲ್ಲಿ ಬಂದದ್ದು ಅಂತಲೇ ಹೇಳಿದರು. ನನಗಿಂತ ಮುಂಚೆ ಅಮ್ಮನಿಗೆ ಉತ್ತರ ಗೊತ್ತಾಗಿತ್ತು ಅಂತ ಈಗ ಅನಿಸುತ್ತದೆ.

ಇನ್ನು ಕೆಲಸದ ವಿಷಯ. ನನಗೆ ಹಾಕಿದ್ದು ಬಿ.ಇ. ಮೊದಲ ವರ್ಷದವರ ಸಿ ಪ್ರೋಗ್ರಾಮಿಂಗ್ ಲ್ಯಾಬಿಗೆ. ನಾನು ಸಿ ಕಲಿತು ಐದು ವರ್ಷ ಆಗಿತ್ತು, ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದಿತ್ತು, ಇದೇನು ಮಹಾ ಅಂದುಕೊಂಡು ಹೋದೆ. ಎರಡನೇ ವಾರ ಒಬ್ಬಳು ಹುಡುಗಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು, ಎದ್ದು ನಿಂತು ಮೆತ್ತಗೆ ಕೇಳಿದಳು: "ಮೇಡಂ, ಪಾಯಿಂಟರ್ ಅಂದ್ರೆ ಏನು ಅಂತ ಬರೆದುಕೊಂಡಿದೀನಿ, ಆದ್ರೆ ಅದು ಯಾಕೆ ಬೇಕು?"

ನಾನು ಪುಸ್ತಕದ ವಾಕ್ಯ ಹೇಳಿದೆ. ಅವಳು ತಲೆಯಾಡಿಸಿದಳು. ಅವಳಿಗೆ ಅರ್ಥವಾಗಿಲ್ಲ ಅಂತ ಆ ತಲೆಯಾಡಿಸುವುದರಲ್ಲೇ ಗೊತ್ತಾಯಿತು, ಯಾಕೆಂದರೆ ನಾನೂ ನಾಲ್ಕು ವರ್ಷ ಹಾಗೇ ತಲೆಯಾಡಿಸಿದ್ದೆ. ಆವತ್ತು ರಾತ್ರಿ ಹಾಸ್ಟೆಲಿನಲ್ಲಿ ಕುಳಿತು ಯೋಚಿಸಿದಾಗ ತಿಳಿದದ್ದು, ನನಗೇ ಅದು ಸರಿಯಾಗಿ ಗೊತ್ತಿಲ್ಲ ಅಂತ. ಮಾರನೇ ವಾರ ಅವಳಿಗೆ ಕನ್ನಡದಲ್ಲಿ ಹೀಗೆ ಹೇಳಿದೆ. "ನಿನ್ನ ಹಾಸ್ಟೆಲ್ ರೂಮ್ 214. ಒಂದು ಚೀಟಿಯಲ್ಲಿ 214 ಅಂತ ಬರೆದು ಗೆಳತಿಗೆ ಕೊಡು. ಅವಳ ಕೈಯಲ್ಲಿರುವುದು ನೀನಲ್ಲ, ನಿನ್ನ ವಿಳಾಸ. ನಿನ್ನನ್ನು ಎತ್ತಿಕೊಂಡು ಹೋಗುವುದಕ್ಕಿಂತ ಚೀಟಿ ಕೊಡುವುದು ಸುಲಭ ತಾನೇ? ಅದಕ್ಕೇ ಪಾಯಿಂಟರ್ ಬೇಕು. ಇನ್ನು ನೀನು ರೂಮ್ ಖಾಲಿ ಮಾಡಿ ಹೋದ ಮೇಲೂ ಅವಳು ಚೀಟಿ ಹಿಡಿದುಕೊಂಡು ಬಂದರೆ? ಬೇರೆ ಯಾರೋ ಬಾಗಿಲು ತೆಗೆಯುತ್ತಾರೆ. ನಿನ್ನ ಪ್ರೋಗ್ರಾಂ ಕೆಟ್ಟು ನಿಲ್ಲುವುದು ಆಗಲೇ." ಅವಳು ನಕ್ಕಳು. ಈ ಸಲ ತಲೆಯಾಡಿಸಲಿಲ್ಲ, ಕೀಬೋರ್ಡಿನ ಕಡೆ ತಿರುಗಿದಳು. ಇವತ್ತಿಗೂ ನಾನು ಕೆಲಸಕ್ಕೆ ಬರುವ ಹೊಸಬರಿಗೆ ಇದೇ ರೂಮಿನ ಕಥೆ ಹೇಳುತ್ತೇನೆ.

ಕಲಿಸಲು ಹೋದವರೇ ಕಲಿತು ಬರುವ ಕಥೆ ನಮ್ಮ ಈ ಕೊಲ್ಕತ್ತಾದಲ್ಲಿ ಬಹಳ ದೊಡ್ಡ ಮಟ್ಟದಲ್ಲಿ ನಡೆದಿದೆ. ಅದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಸಿ.ಆರ್. ರಾವ್ ಅವರ ಹೆಸರು ಕೇಳಿರುತ್ತೀರಿ. ತೆಲುಗು ಮನೆತನ, ಆದರೆ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ. ಮಲ್ಲಿಗೆಗೆ ಹೆಸರಾದ ಹಡಗಲಿ. ಆಂಧ್ರದಲ್ಲಿ ಗಣಿತ ಓದಿ, ಯುದ್ಧದ ಕಾಲದಲ್ಲಿ ಒಂದು ಕೆಲಸದ ಸಂದರ್ಶನಕ್ಕೆ ಈ ಊರಿಗೆ ಬಂದರು. ಆ ಕೆಲಸ ಸಿಗಲಿಲ್ಲ. ಆದರೆ ಮಹಾಲನೋಬಿಸ್ ಅವರು ಕಟ್ಟಿದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಣ್ಣಿಗೆ ಬಿತ್ತು. 1941ರಲ್ಲಿ ಅಲ್ಲಿ ತರಬೇತಿಗೆ ಸೇರಿದರು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ಮುಗಿಸಿ, ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ ಮಾಡುತ್ತಾ, ಅದೇ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಹೇಳುತ್ತಿದ್ದರು. ಪಿಎಚ್.ಡಿ. ಇನ್ನೂ ಆಗಿರಲಿಲ್ಲ.

ಒಂದು ದಿನ ತರಗತಿಯಲ್ಲಿ ಫಿಶರ್ ಅವರ ಒಂದು ಫಲಿತಾಂಶ ವಿವರಿಸುತ್ತಿದ್ದರು. ಮಾದರಿ ಬಹಳ ದೊಡ್ಡದಾಗಿದ್ದಾಗ ಅದು ನಿಜ. ಆಗ ದಾಂಡೇಕರ್ ಎಂಬ ವಿದ್ಯಾರ್ಥಿ, ಮುಂದೆ ದೊಡ್ಡ ಅರ್ಥಶಾಸ್ತ್ರಜ್ಞರಾದ ವಿ.ಎಂ. ದಾಂಡೇಕರ್, "ಮಾದರಿ ಚಿಕ್ಕದಾಗಿದ್ದರೂ ಇದು ನಿಜವೇ?" ಅಂತ ಕೇಳಿದರು. ರಾವ್ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗಿ ರಾತ್ರಿ ಕುಳಿತು ಲೆಕ್ಕ ಹಾಕಿ, ಮಾರನೇ ದಿನ ಉತ್ತರದೊಂದಿಗೆ ತರಗತಿಗೆ ಬಂದರು. ಅದು 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಇವತ್ತು ಜಗತ್ತಿನಲ್ಲಿ ಸಂಖ್ಯಾಶಾಸ್ತ್ರ ಓದುವ ಪ್ರತಿಯೊಬ್ಬರೂ ಕ್ರಾಮರ್-ರಾವ್ ಅಸಮತೆ ಅಂತ ಕಲಿಯುವುದು ಅದನ್ನೇ. ನಾವು ಮಾಡುವ ಅಂದಾಜು ಎಷ್ಟು ನಿಖರವಾಗಿರಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ, ಅದನ್ನು ಹೀಗೆ ಲೆಕ್ಕ ಹಾಕಬಹುದು ಅನ್ನುತ್ತದೆ ಅದು.

ಅಷ್ಟೇ ಅಲ್ಲ. 1946ರಲ್ಲಿ ರಾವ್ ಅವರು ಕೇಂಬ್ರಿಜ್‌ಗೆ ಹೋದದ್ದು ಅಲ್ಲಿನ ಮಾನವಶಾಸ್ತ್ರ ವಸ್ತುಸಂಗ್ರಹಾಲಯದ ಕೆಲಸಕ್ಕೆ. ಸುಡಾನ್ ದೇಶದಲ್ಲಿ ಅಗೆದು ತೆಗೆದ ಹಳೆಯ ಅಸ್ಥಿಪಂಜರಗಳ ಅಳತೆಗಳನ್ನು ಮಹಾಲನೋಬಿಸ್ ಅವರ ವಿಧಾನದಲ್ಲಿ ವಿಶ್ಲೇಷಿಸುವ ಕೆಲಸ. ಆ ಕೆಲಸ ಮಾಡುತ್ತಲೇ ಫಿಶರ್ ಅವರ ಕೈಕೆಳಗೆ 1948ರಲ್ಲಿ ಪಿಎಚ್.ಡಿ. ಮುಗಿಸಿದರು. ಅಂದರೆ ನಮ್ಮ ಭಾಷೆಯಲ್ಲಿ ಹೇಳುವುದಾದರೆ ರಿಸರ್ಚ್ ಅಸಿಸ್ಟೆಂಟ್! 2023ರಲ್ಲಿ, 102ನೇ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ದಾವಣಗೆರೆ ಹುಡುಗಿಗೆ ಈ ಕಥೆ ಹೇಳಿ, "ನಿಮ್ಮಪ್ಪ ಕೇಳಿದರೆ ಹಡಗಲಿಯವರೊಬ್ಬರು ಕೊಲ್ಕತ್ತಾದಲ್ಲಿ ಮಾಡಿದ ಕೆಲಸವನ್ನೇ ನಾನೂ ಮಾಡುತ್ತಿದ್ದೇನೆ ಅನ್ನು" ಅಂದೆ. "ಅಪ್ಪ ಅಡಿಕೆ ವ್ಯಾಪಾರ ಮಾಡ್ತಾರೆ ಅಕ್ಕಾ, ಪ್ರಶಸ್ತಿ ದುಡ್ಡು ಎಷ್ಟು ಅಂತ ಕೇಳ್ತಾರೆ" ಅಂದಳು.

ಆದರೆ ಟಿ.ಎ. ಕೆಲಸದಲ್ಲಿ ನಾನು ತಪ್ಪೂ ಮಾಡಿದೆ. ಅದನ್ನೂ ಹೇಳಬೇಕು. ಒಂದು ಅಸೈನ್‌ಮೆಂಟಿನಲ್ಲಿ ಇಬ್ಬರ ಪ್ರೋಗ್ರಾಂ ಅಕ್ಷರ ಅಕ್ಷರ ಒಂದೇ ಇತ್ತು. ಒಂದು ಇಂಗ್ಲಿಷ್ ಪದದ ಕಾಗುಣಿತ ತಪ್ಪು ಕೂಡ ಇಬ್ಬರಲ್ಲೂ ಒಂದೇ. ಒಬ್ಬ ಹುಡುಗ, ಇನ್ನೊಬ್ಬಳು ಅದೇ ಪಾಯಿಂಟರ್ ಹುಡುಗಿ. ನಾನು ಕರೆದು ಕೇಳದೆ ಇಬ್ಬರಿಗೂ ಸೊನ್ನೆ ಹಾಕಿದೆ. ಅವಳು ಒಂದು ಮಾತೂ ಆಡಲಿಲ್ಲ. ಎರಡು ವಾರ ಲ್ಯಾಬಿನಲ್ಲಿ ತಲೆ ಎತ್ತಲಿಲ್ಲ. ಆಮೇಲೆ ಅವಳ ರೂಮಿನವಳಿಂದ ಗೊತ್ತಾಯಿತು. ಅವನು ಪ್ರಿಂಟ್ ತೆಗೆಸಿಕೊಡುತ್ತೇನೆ ಅಂತ ಇವಳ ಪೆನ್ ಡ್ರೈವ್ ಇಸಿದುಕೊಂಡು ಹೋಗಿದ್ದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಸರ್ ಹತ್ತಿರ ಹೋಗಿ, "ನಾನು ವಿಚಾರಿಸದೆ ಅಂಕ ಹಾಕಿದೆ, ತಪ್ಪು ನನ್ನದು" ಅಂದೆ. ಇಬ್ಬರನ್ನೂ ಕರೆಸಿ ಪ್ರೋಗ್ರಾಂ ವಿವರಿಸಲು ಹೇಳಿದೆವು. ಅವಳು ಸಾಲು ಸಾಲು ವಿವರಿಸಿದಳು. ಅಂಕ ತಿದ್ದಿದೆವು. ಅವಳ ಹತ್ತಿರ ಕ್ಷಮೆ ಕೇಳಿದೆ. "ಪರವಾಗಿಲ್ಲ ಮೇಡಂ" ಅಂದಳು. ಆದರೆ ಆಮೇಲೆ ಅವಳು ಲ್ಯಾಬಿನಲ್ಲಿ ಎದ್ದು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಮೇಜಿನ ಆಚೆ ಕಡೆ ನಿಂತಾಗ ನಮ್ಮ ಕೈಯಲ್ಲಿರುವ ಕೆಂಪು ಪೆನ್ನು ಎಷ್ಟು ಭಾರ ಅನ್ನುವುದು 22ನೇ ವಯಸ್ಸಿನಲ್ಲಿ ತಿಳಿಯುವುದಿಲ್ಲ. ತಿಳಿಯಬೇಕಾದರೆ ಇಂಥ ಒಂದು ಪೆಟ್ಟು ಬೀಳಬೇಕೇನೋ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯ. ಇದನ್ನು ಹೆಣ್ಣುಮಕ್ಕಳ ಈ ವೇದಿಕೆಯಲ್ಲೇ ಹೇಳಬೇಕು.

ನಮ್ಮ ವಿಭಾಗದಲ್ಲಿ ನಾವು ಒಂಬತ್ತು ಜನ ಟಿ.ಎ.ಗಳು, ಅದರಲ್ಲಿ ಹುಡುಗಿಯರು ಮೂವರು. ಎರಡನೇ ಸೆಮಿಸ್ಟರಿನಲ್ಲಿ ಒಂದು ದೊಡ್ಡ ವಿಚಾರ ಸಂಕಿರಣ ಆಯಿತು. ಕೆಲಸ ಹಂಚಿದರು. ಲ್ಯಾಬಿನ ಸರ್ವರ್, ನೆಟ್‌ವರ್ಕ್, ಅತಿಥಿಗಳ ಪ್ರಾತ್ಯಕ್ಷಿಕೆ ಎಲ್ಲ ಹುಡುಗರಿಗೆ. ರಂಗೋಲಿ, ದೀಪಕ್ಕೆ ಬತ್ತಿ ಎಣ್ಣೆ, ಹೂಗುಚ್ಛ, ಪ್ರಾರ್ಥನೆ, ನಿರೂಪಣೆ, ನೋಂದಣಿ ಮೇಜು ನಮಗೆ. "ಹುಡುಗಿಯರು ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡ್ತಾರೆ" ಅಂದರು. ಹೊಗಳಿಕೆಯೇ ತಾನೇ? ನಾವೂ ಖುಷಿಯಿಂದಲೇ ಮಾಡಿದೆವು. ರೇಷ್ಮೆ ಸೀರೆ ಉಟ್ಟು ಫೋಟೋ ತೆಗೆಸಿಕೊಂಡೆವು. ರಂಗೋಲಿ ಹಾಕುವುದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ. ನನ್ನ ರಂಗೋಲಿ ಇವತ್ತಿಗೂ ಚೆನ್ನಾಗಿರುತ್ತದೆ, ಬಾಗಿಲಲ್ಲಿ ನೋಡಿದಿರಲ್ಲ. ಆದರೆ ಆ ಮೂರು ದಿನ ಸರ್ವರ್ ಹತ್ತಿರ ಕುಳಿತ ಹುಡುಗರನ್ನು ಬಂದ ಅತಿಥಿಗಳು ಹೆಸರು ಹಿಡಿದು ಮಾತಾಡಿಸಿದರು. ಅವರಲ್ಲಿ ಒಬ್ಬನಿಗೆ ಅಲ್ಲೇ ಬೇಸಿಗೆ ಇಂಟರ್ನ್‌ಶಿಪ್ ಸಿಕ್ಕಿತು. ನಮ್ಮ ಹತ್ತಿರ ಹೂಗುಚ್ಛ ಇಸಿದುಕೊಂಡವರಿಗೆ ನಮ್ಮ ಹೆಸರು ಗೊತ್ತಾಗಲಿಲ್ಲ.

ಅದು ಅಲ್ಲಿಗೇ ನಿಲ್ಲಲಿಲ್ಲ. ಎರಡನೇ ವರ್ಷ ನಾನು ಒಬ್ಬ ಪ್ರಾಧ್ಯಾಪಕರ ಯೋಜನೆಯಲ್ಲಿ ಕೆಲಸ ಮಾಡಿದೆ. ಹೆಸರು ಬೇಡ, ಕಲಿಸುವುದರಲ್ಲಿ ಒಳ್ಳೆಯವರು. ನಾಲ್ಕು ತಿಂಗಳು ಮಾಹಿತಿಯನ್ನು ಶುದ್ಧ ಮಾಡಿ, ಪ್ರೋಗ್ರಾಂ ಬರೆದು, ಗ್ರಾಫ್ ಹಾಕಿಕೊಟ್ಟೆ. ಲೇಖನ ಪ್ರಕಟವಾಯಿತು. ಲೇಖಕರ ಹೆಸರುಗಳಲ್ಲಿ ನನ್ನದು ಇರಲಿಲ್ಲ. ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, "ಸಹಾಯಕ್ಕಾಗಿ" ಧನ್ಯವಾದ ಅಂತ ಇತ್ತು.

ಆ ಪದ ನೋಡಿ ನನಗೆ ಅಳು ಬಂತು. ಮನೆಯಲ್ಲಿ ಅಮ್ಮ ಅಜ್ಜಿ ಮಾಡುವುದೂ ಸಹಾಯ. ಕೊಬ್ಬರಿ ಸುಲಿಯುವಾಗ ಅಮ್ಮ ಇಡೀ ದಿನ ಕುಳಿತರೂ ಲೆಕ್ಕ ಬರೆಯುವಾಗ "ಮನೆಯವರು ಸ್ವಲ್ಪ ಸಹಾಯ ಮಾಡಿದರು" ಅಷ್ಟೇ. ನಾನು ಎಂ.ಟೆಕ್. ಮಾಡಿ, ಇಷ್ಟು ದೂರ ಬಂದು, ಮತ್ತೆ ಅದೇ ಪದದಲ್ಲಿ ಬಂದು ನಿಂತಿದ್ದೆ.

ಒಂದು ವಾರ ಯಾರಿಗೂ ಹೇಳಲಿಲ್ಲ. ಆಮೇಲೆ ಸೀನಿಯರ್ ಒಬ್ಬರು, ಅವರು ಪಿಎಚ್.ಡಿ. ಮಾಡುತ್ತಿದ್ದವರು, ಒಂದು ಪುಸ್ತಕ ಕೊಟ್ಟು ಹೇಳಿದರು: "ದಿನಾ ಏನು ಮಾಡಿದೆ, ಎಷ್ಟು ಗಂಟೆ ಮಾಡಿದೆ ಬರೆದಿಡು. ಆಮೇಲೆ ಹೋಗಿ ಮಾತಾಡು." ಬರೆದೆ. 8 ಗಂಟೆ ಅಂತ ಇದ್ದದ್ದು ಒಂದೊಂದು ವಾರ 20 ದಾಟಿತ್ತು. ಅದರಲ್ಲಿ ಕಲಿಸುವುದು, ಸಂಶೋಧನೆ ಅಂತ ಹೇಳಬಹುದಾದದ್ದು ಅರ್ಧ. ಉಳಿದದ್ದು ಟೈಪಿಂಗ್, ಅತಿಥಿಗಳ ಟಿಕೆಟ್, ಬಿಲ್ಲು ಅಂಟಿಸುವುದು. ಪುಸ್ತಕ ಹಿಡಿದುಕೊಂಡು ಪ್ರಾಧ್ಯಾಪಕರ ಕೋಣೆಗೆ ಹೋದೆ. ಕಾಲು ನಡುಗುತ್ತಿತ್ತು. "ಸರ್, ಮುಂದಿನ ಲೇಖನದಲ್ಲಿ ನನ್ನ ಕೆಲಸ ಇದ್ದರೆ ನನ್ನ ಹೆಸರು ಇರುತ್ತದೆಯೇ?" ಅಂದೆ. ಅಷ್ಟೇ. ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿ, "ಅದಕ್ಕೇನಂತೆ, ಇರಬೇಕು. ನೀನು ಮೊದಲೇ ಕೇಳಬಾರದಿತ್ತಾ?" ಅಂದರು.

ನನಗೆ ಸಿಟ್ಟೂ ಬಂತು, ಸಮಾಧಾನವೂ ಆಯಿತು. ಕೇಳದೆಯೇ ಕೊಡಬೇಕಾದದ್ದು ಅದು. ಆದರೆ ಕೇಳಿದ್ದರಿಂದ ಸಿಕ್ಕಿತು. ಮೊದಲ ಲೇಖನ ಹೋದದ್ದು ಹೋಯಿತು. ಎರಡನೆಯದರಲ್ಲಿ ನನ್ನ ಹೆಸರು ಇದೆ. ಇವತ್ತಿನ ನನ್ನ ಕೆಲಸದ ಸಂದರ್ಶನದಲ್ಲಿ ಅವರು ಅರ್ಧ ಗಂಟೆ ಕೇಳಿದ್ದು ಅದೇ ಲೇಖನದ ಬಗ್ಗೆ.

ಕೇಳುವುದು ಅಂದಾಗ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ನೆನಪಾಗುತ್ತದೆ. 1933ರಲ್ಲಿ ಕಮಲಾ ಭಾಗವತ್ ಅಂತ ಬಿ.ಎಸ್ಸಿ. ಮುಗಿಸಿದ ಹುಡುಗಿ, ಮುಂದೆ ಕಮಲಾ ಸೊಹೊನಿ ಆದವರು, ಸಂಶೋಧನೆಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಹೆಣ್ಣು ಅನ್ನುವ ಕಾರಣಕ್ಕೆ ಬೇಡ ಅಂದರು. ಅವರು ಸುಮ್ಮನೆ ಊರಿಗೆ ಹೋಗಲಿಲ್ಲ. ಎದುರು ನಿಂತು ಕೇಳಿದರು. ಕೊನೆಗೆ ಒಂದು ವರ್ಷ ಪರೀಕ್ಷೆಯ ಮೇಲೆ, ಷರತ್ತು ಹಾಕಿ ಸೇರಿಸಿಕೊಂಡರು. ವರ್ಷ ಮುಗಿದಾಗ ರಾಮನ್ ಅವರಿಗೇ ಒಪ್ಪಿಗೆಯಾಯಿತು. ಸೊಹೊನಿ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು.

ಹತ್ತು ವರ್ಷದ ನಂತರ, 1943ರಲ್ಲಿ, ಅದೇ ಸಂಸ್ಥೆಗೆ ನಮ್ಮ ಕನ್ನಡದ ಹುಡುಗಿ ರಾಜೇಶ್ವರಿ ಸಂಶೋಧನಾ ವಿದ್ಯಾರ್ಥಿನಿಯಾಗಿ ಬಂದರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮಾಡಿದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ, ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ರಾಜೇಶ್ವರಿ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, 1953ರಲ್ಲಿ ಪಿಎಚ್.ಡಿ. ಮುಗಿಸಿ, ಬೆಂಗಳೂರಿಗೆ ಮರಳಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅಲ್ಲೇ ಸಹೋದ್ಯೋಗಿಯಾಗಿದ್ದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಕರೆಸಿಕೊಳ್ಳುವ ರಾಜೇಶ್ವರಿ ಚಟರ್ಜಿ ಇವರೇ. ಕನ್ನಡದ ಮಗಳು, ಬಂಗಾಳದ ಸೊಸೆ! ಈ ಸಭೆಯಲ್ಲಿ ಹಾಗಿರುವವರು ಮೂರು ನಾಲ್ಕು ಜನ ಇದ್ದೀರಿ, ನಿಮಗೆ ಒಂದು ಚಪ್ಪಾಳೆ ಹೆಚ್ಚು. ಅವರ ಕೈಕೆಳಗೆ 20 ಜನ ಪಿಎಚ್.ಡಿ. ಮಾಡಿದರು.

ನಾನು ಪಿಎಚ್.ಡಿ. ಮಾಡಲಿಲ್ಲ. 2015ರಲ್ಲಿ ಅವಕಾಶ ಇತ್ತು. ಮದುವೆ ಗೊತ್ತಾಗಿತ್ತು, ಮಧ್ಯದಲ್ಲಿ ಮಗುವಾದರೆ ಏನು ಗತಿ ಅಂತ ಹೆದರಿ ಕೆಲಸಕ್ಕೆ ಸೇರಿದೆ. ಮಾರನೇ ವರ್ಷ, 2016ರಲ್ಲಿ, ಯುಜಿಸಿ ನಿಯಮ ತಂದಿತು. ಪಿಎಚ್.ಡಿ. ಮಾಡುವ ಹೆಣ್ಣುಮಕ್ಕಳಿಗೆ ಹೆರಿಗೆ ಮತ್ತು ಮಗುವಿನ ಪಾಲನೆಗೆ ಒಟ್ಟು 240 ದಿನ ರಜೆ ಕೊಡಬಹುದು, ಮುಗಿಸಲು ಎರಡು ವರ್ಷ ಹೆಚ್ಚು ಸಮಯವೂ ಇದೆ. ನನ್ನ ಬದುಕಿನ ಬಗ್ಗೆ ದೂರಿಲ್ಲ. ಆದರೆ ಹೆದರಿಕೆಯಿಂದ ನಿರ್ಧಾರ ತೆಗೆದುಕೊಂಡೆನಲ್ಲ ಅನ್ನುವುದು ಇದೆ. ನಿಮ್ಮ ಹೆಣ್ಣುಮಕ್ಕಳು ಹಾಗೆ ಮಾಡದಿರಲಿ ಅಂತ ಕೆಲವು ಮಾತು ಹೇಳಿ ಮುಗಿಸುತ್ತೇನೆ. ಅಮ್ಮಂದಿರು ದಯವಿಟ್ಟು ಮೊಬೈಲಿನಲ್ಲಿ ಬರೆದುಕೊಳ್ಳಿ.

ಒಂದು, ಹಣದ ವಿಷಯ ಮೊದಲೇ ಸ್ಪಷ್ಟವಾಗಿ ಕೇಳಬೇಕು. ಎಂ.ಟೆಕ್.ಗೆ 12,400 ಅಂದೆ. ಪಿಎಚ್.ಡಿ.ಯಲ್ಲಿ ನೆಟ್ ಪರೀಕ್ಷೆಯ ಮೂಲಕ ಜೆಆರ್‌ಎಫ್ ಬಂದರೆ 2023ರ ಜನವರಿಯಿಂದ ತಿಂಗಳಿಗೆ 37,000, ಆಮೇಲೆ ಎಸ್‌ಆರ್‌ಎಫ್ ಆದರೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಯಾವ ಸಂಸ್ಥೆ, ಯಾವ ಯೋಜನೆ ಅನ್ನುವುದರ ಮೇಲೆ ಇದು ಬದಲಾಗುತ್ತದೆ. ಹಣ ತಡವಾಗಬಹುದು. ಹಾಗಾಗಿ ಮೊದಲ ಐದಾರು ತಿಂಗಳ ಖರ್ಚಿಗೆ ಮನೆಯಿಂದ ವ್ಯವಸ್ಥೆ ಇರಲಿ. ಅದನ್ನು ಸಾಲ ಅಂತ ಅವಳಿಗೆ ನೆನಪಿಸಬೇಡಿ.

ಎರಡು, ಅಮೆರಿಕಕ್ಕೆ ಹೋಗುವವರಿಗೆ. ಅಲ್ಲಿ ಟಿ.ಎ., ಆರ್.ಎ. ಸಿಕ್ಕರೆ ಎಷ್ಟೋ ಕಡೆ ಸ್ಟೈಪೆಂಡ್ ಜೊತೆ ಶುಲ್ಕವೂ ಮಾಫಿ. ಆದರೆ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕ್ಯಾಂಪಸ್ ಕೆಲಸ ಮಾಡುವಂತಿಲ್ಲ. ಸೀಟು ಸಿಕ್ಕ ಪತ್ರ ಬೇರೆ, ಅಸಿಸ್ಟೆಂಟ್‌ಶಿಪ್ ಪತ್ರ ಬೇರೆ. ಎರಡನೆಯದು ಕೈಗೆ ಬರುವ ತನಕ "ಹೇಗೂ ಸಿಗುತ್ತೆ" ಅಂತ ಮನೆ ಅಡವಿಡಬೇಡಿ.

ಮೂರು, ಕೆಲಸದ ಪುಸ್ತಕ. ತಾರೀಕು, ಗಂಟೆ, ಮಾಡಿದ ಕೆಲಸ. ಜಗಳಕ್ಕಲ್ಲ, ನಮಗೇ ಗೊತ್ತಿರಲಿ ಅಂತ. ದಿನಕ್ಕೆ ಎರಡು ನಿಮಿಷ ಸಾಕು.

ನಾಲ್ಕು, ಹೆಸರು. ಸಂಶೋಧನೆಗೆ ಸೇರುವ ದಿನವೇ ವಿನಯದಿಂದ ಕೇಳಬೇಕು: "ನನ್ನ ಪಾಲಿನ ಕೆಲಸ ಯಾವುದು, ಲೇಖನವಾದರೆ ಲೇಖಕರಲ್ಲಿ ನನ್ನ ಹೆಸರು ಬರುತ್ತದೆಯೇ?" ಆಮೇಲೆ ಅದನ್ನೇ ಎರಡು ಸಾಲಿನ ಇಮೇಲ್ ಮಾಡಿಡಬೇಕು.

ಐದು, ರಂಗೋಲಿ. ಹಾಕಲಿ, ಆದರೆ ಸರ್ವರ್ ಕೆಲಸವನ್ನೂ ಕೇಳಲಿ. "ಈ ಸಲ ರಂಗೋಲಿ ಹುಡುಗರು ಹಾಕಲಿ ಸರ್, ನಾನು ಲ್ಯಾಬ್ ನೋಡಿಕೊಳ್ಳುತ್ತೇನೆ" ಅನ್ನುವುದಕ್ಕೆ ಒರಟುತನ ಬೇಕಿಲ್ಲ. ನಗುತ್ತಾ ಹೇಳಿದರೂ ಆಗುತ್ತದೆ.

ಇದನ್ನು ಹೇಳುವ ಹಕ್ಕು ನನಗೆ ಪೂರ್ತಿ ಇದೆಯೇ ಅಂತ ನನಗೇ ಅನುಮಾನ. ಕಳೆದ ವರ್ಷ ನಮ್ಮ ಆಫೀಸಿನಲ್ಲಿ ಪೂಜೆಗೆ ಮುಂಚೆ ಅಲಂಕಾರ ಮಾಡಬೇಕಿತ್ತು. ತಂಡದಲ್ಲಿ ಹೊಸದಾಗಿ ಸೇರಿದ ಹುಡುಗಿಗೆ ನಾನೇ, ಈ ಬಾಯಿಂದಲೇ, "ಆಲ್ಪನಾ ನೀನು ಹಾಕು, ನಿನಗೆ ಚೆನ್ನಾಗಿ ಬರುತ್ತೆ" ಅಂದೆ. ಅವಳು ಒಂದು ಮುಖ್ಯ ಪರೀಕ್ಷೆ ನಡೆಸುತ್ತಿದ್ದಳು. ಕಂಪ್ಯೂಟರ್ ಬಿಟ್ಟು ಎದ್ದಳು. ಅವಳ ಜಾಗಕ್ಕೆ ಒಬ್ಬ ಹುಡುಗ ಕುಳಿತ. ಸಂಜೆ ಮೆಟ್ರೋದಲ್ಲಿ ಮನೆಗೆ ಬರುವಾಗ, ತಾರಾತಲಾ ದಾಟುವಷ್ಟರಲ್ಲಿ, ನನಗೆ ನಾನು ಮಾಡಿದ್ದೇನು ಅಂತ ತಲೆಗೆ ಹೋಯಿತು. ಮಾರನೇ ದಿನ ಅವಳ ಪರೀಕ್ಷೆ ಅವಳಿಗೇ ವಾಪಸ್ ಕೊಟ್ಟೆ, ಕಾರಣವನ್ನೂ ಹೇಳಿದೆ. ಈ ಅಭ್ಯಾಸ ಗಂಡಸರಿಗೆ ಮಾತ್ರ ಅಂಟಿದ್ದಲ್ಲ, ನಮಗೂ ಅಂಟಿದೆ.

ಕೊನೆಗೆ ದಾವಣಗೆರೆ ಹುಡುಗಿಯ ವಿಷಯ. ಅವಳಿಗೆ ನಾನು ಹೇಳಿದ ಉತ್ತರ ಇಷ್ಟೇ: "ಇದು ಕೆಲಸವೂ ಹೌದು, ಓದೂ ಹೌದು. ಅಪ್ಪನಿಗೆ ಹಾಗೇ ಹೇಳು. ಓದು ಅಂತ ಹೇಳಿ ಕೆಲಸವನ್ನು ಬಿಟ್ಟಿ ಮಾಡಿಸಿಕೊಳ್ಳಲು ಬಿಡಬೇಡ, ಕೆಲಸ ಅಂತ ಹೇಳಿ ಓದನ್ನು ನಿಲ್ಲಿಸಬೇಡ." ಹೋದ ಭಾನುವಾರ ದೋಸೆ ತಿನ್ನುತ್ತಾ ಹೇಳಿದಳು, ಗೈಡ್ ಹತ್ತಿರ ಹೆಸರಿನ ಬಗ್ಗೆ ಕೇಳಿದಳಂತೆ. ಅವರು "ನೋಡೋಣ" ಅಂದರಂತೆ. ಏನಾಗುತ್ತದೋ ಗೊತ್ತಿಲ್ಲ. ಆದರೆ ನನಗೆ ಎರಡನೇ ವರ್ಷದಲ್ಲಿ ಬಂದ ಧೈರ್ಯ ಅವಳಿಗೆ ಮೂರನೇ ತಿಂಗಳಿಗೇ ಬಂತು. ನನಗೆ ಅದೇ ದೊಡ್ಡ ಖುಷಿ.

ಅವಳನ್ನು ಇವತ್ತು ಕರೆದುಕೊಂಡು ಬಂದಿದ್ದೇನೆ, ಬಾಗಿಲ ಹತ್ತಿರ ನಿಂತಿದ್ದಾಳೆ. ಊಟದ ಹೊತ್ತಿಗೆ ದಯವಿಟ್ಟು ಅವಳನ್ನು ಮಾತಾಡಿಸಿ. ಏನು ಓದುತ್ತೀಯಾ ಅನ್ನುವುದರ ಜೊತೆ ಏನು ಕೆಲಸ ಮಾಡುತ್ತೀಯಾ ಅಂತಲೂ ಕೇಳಿ. ಬಡಿಸಲು ಮಾತ್ರ ಅವಳನ್ನು ಕರೆಯಬೇಡಿ, ಇವತ್ತು ಭಾವಂದಿರು ಬಡಿಸಲಿ.

ಇಪ್ಪತ್ತು ನಿಮಿಷ ಮೀರಿದ್ದಕ್ಕೆ ಕ್ಷಮಿಸಿ.